ಅಂಗಾಲನ್ನು ಯಾರೂ ಕೇಳುವುದಿಲ್ಲ

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಡೆಯುತ್ತ ನಡೆಯುತ್ತ ಪರಿಚಯವಾದವರು ನನಗೆ ಬಹಳ ಮಂದಿ. ಅವರಲ್ಲಿ ಕೆಲವರ ಮನೆ ಯಾವ ಓಣಿಯಲ್ಲಿದೆ, ಮಕ್ಕಳು ಏನು ಮಾಡುತ್ತಾರೆ ಎಂಬುದು ಇಂದಿಗೂ ಗೊತ್ತಿಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ ಅವರ ಸಕ್ಕರೆ ಎಷ್ಟಿರುತ್ತದೆ, ಊಟವಾಗಿ ಎರಡು ತಾಸಿಗೆ ಎಷ್ಟಕ್ಕೆ ಏರುತ್ತದೆ, ಮೂರು ತಿಂಗಳ ಸರಾಸರಿ ಏಳರ ಒಳಗಿದೆಯೋ ಹೊರಗಿದೆಯೋ ಎಲ್ಲವೂ ಗೊತ್ತು. ನನ್ನದೂ ಅವರಿಗೆ ಗೊತ್ತು. ವರದಿ ಬಂದ ವಾರ "ಎಷ್ಟು ಬಂತು, ಟೀಚರ್?" ಎಂದು ಕೇಳುತ್ತಾರೆ, ಇಳಿದಿದೆ ಎಂದರೆ ಅವರ ಮುಖವೂ ಅರಳುತ್ತದೆ. ಆ ಕಾಳಜಿ ನಿಜವಾದದ್ದು, ಅದರಿಂದ ನನಗೆ ಬಲ ಬಂದಿದೆ. ಆದರೂ ಒಂದು ವಿಚಾರ ಬಹಳ ದಿನಗಳಿಂದ ಮನಸ್ಸನ್ನು ಕೊರೆಯುತ್ತಿದೆ. ಇಷ್ಟು ವರ್ಷಗಳಲ್ಲಿ ಅಲ್ಲಿ ಒಬ್ಬರು ಇನ್ನೊಬ್ಬರನ್ನು "ನಿಮ್ಮ ಕಾಲು ಹೇಗಿವೆ?" ಎಂದು ವಿಚಾರಿಸಿದ್ದು ನನ್ನ ಕಿವಿಗೆ ಬಿದ್ದಿಲ್ಲ. ವೈದ್ಯರ ಕೋಣೆಯಲ್ಲಿಯೂ ಹೆಚ್ಚುಕಡಿಮೆ ಇದೇ ಕಥೆ. ರಕ್ತದೊತ್ತಡ ನೋಡುತ್ತಾರೆ, ಪ್ರಯೋಗಾಲಯದ ಕಾಗದ ನೋಡುತ್ತಾರೆ, ಗುಳಿಗೆ ಬದಲಿಸಿ ಬರೆದುಕೊಡುತ್ತಾರೆ. "ಚಪ್ಪಲಿ ಬಿಚ್ಚಿ, ಅಂಗಾಲು ತೋರಿಸಿ" ಎಂದವರು ನನ್ನ ಅನುಭವದಲ್ಲಿ ತೀರಾ ವಿರಳ.

ಅಪ್ಪನ ಕಾಲಿಗೆ ಆದದ್ದು ಆಗದೇ ಇದ್ದಿದ್ದರೆ ಈ ಪ್ರಶ್ನೆ ನನ್ನಲ್ಲಿಯೂ ಹುಟ್ಟುತ್ತಿರಲಿಲ್ಲವೇನೋ. ಅಪ್ಪ ರೋಣ ತಾಲೂಕಿನ ಒಕ್ಕಲಿಗ, ಎರೆಭೂಮಿಯಲ್ಲಿ ಜೋಳ, ಕಡಲೆ, ಹೆಸರು ಬೆಳೆದು ನಮ್ಮನ್ನು ಓದಿಸಿದವನು. ಅವನಿಗೆ ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷಗಳ ಮೇಲೆ ನನಗೂ ಬಂತು. ತಂದೆ ಮಗಳು ಇಬ್ಬರೂ ಒಂದೇ ಹೆಸರಿನ ಗುಳಿಗೆ ನುಂಗುತ್ತೇವೆ. ಹಬ್ಬಕ್ಕೆ ಊರಿಗೆ ಹೋದಾಗ ಇಬ್ಬರ ಡಬ್ಬಿಗಳೂ ಒಂದೇ ಗೂಡಿನಲ್ಲಿರುತ್ತವೆ.

ನಮ್ಮ ಕಡೆ ಕಾಯಿಲೆ ಎಂದರೆ ನೋಯಬೇಕು. ನೋವಿಲ್ಲವೆಂದರೆ ಆರಾಮ. ಹಲ್ಲು ನೋಯುತ್ತದೆ, ಹೋಗಿ ಕೀಳಿಸುತ್ತೇವೆ. ಸೊಂಟ ಹಿಡಿಯುತ್ತದೆ, ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುತ್ತೇವೆ. ಹೊಲದ ಕೆಲಸ, ಮನೆಯ ಕೆಲಸ ನಿಲ್ಲಿಸುವಷ್ಟು ನೋವಾದಾಗ ಮಾತ್ರ ಆಸ್ಪತ್ರೆಯ ಬಸ್ ಹತ್ತುವುದು. ಇಂಥ ಜನರ ನಡುವೆ ಸಕ್ಕರೆ ಕಾಯಿಲೆ ಎಷ್ಟು ಸಲೀಸಾಗಿ ಬೆಳೆಯುತ್ತದೆ ಎಂದು ಯೋಚಿಸಿದರೆ ಭಯವಾಗುತ್ತದೆ. ಬೆಳಗಿನ ಉಪವಾಸದ ರಕ್ತದಲ್ಲಿ 126 ದಾಟಿದರೆ ಮಧುಮೇಹ ಎಂಬುದು ವೈದ್ಯಶಾಸ್ತ್ರದ ಅಳತೆ. ಆದರೆ ದೇಹಕ್ಕೆ ಆ ಗೆರೆ ಕಾಣುವುದಿಲ್ಲ. ನನ್ನ ಸಕ್ಕರೆ 250ರ ಮೇಲಿದ್ದ ದಿನಗಳಲ್ಲಿಯೂ ನಾನು ಹತ್ತನೆಯ ತರಗತಿಗೆ ಎಂದಿನ ಉತ್ಸಾಹದಿಂದಲೇ ಪಾಠ ಮಾಡಿದ್ದೇನೆ. ತಲೆ ಸುತ್ತಲಿಲ್ಲ, ಕೈ ನಡುಗಲಿಲ್ಲ. ಶಾಲೆಯಲ್ಲಿ ನಡೆದ ತಪಾಸಣೆ ಶಿಬಿರದಲ್ಲಿ ಬೆರಳು ಚುಚ್ಚಿಸಿಕೊಂಡದ್ದರಿಂದಷ್ಟೇ ಅದು ಬಯಲಾಯಿತು.

ರೊಟ್ಟಿ ಮತ್ತು ಮೀಟರು

ಸಿಹಿಯ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಧಾರವಾಡದ ಪೇಢೆಯನ್ನು ಬಿಡುವುದು ಕಷ್ಟ ಎಂದು ಎಲ್ಲರೂ ತಿಳಿಯುತ್ತಾರೆ, ಆದರೆ ಕಣ್ಣೆದುರು ಕಾಣುವ ಸಿಹಿಯನ್ನು ಬೇಡ ಎನ್ನುವುದು ಸುಲಭ. ಕಷ್ಟವಾದದ್ದು ರೊಟ್ಟಿ. ರೊಟ್ಟಿ ತಿನ್ನುವವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲ, ಅನ್ನ ತಿನ್ನುವವರಿಗೆ ಬರುತ್ತದೆ ಎಂಬ ಮಾತನ್ನು ಕೇಳಿಯೇ ನಾವು ಬೆಳೆದಿದ್ದೇವೆ. ಅದರಲ್ಲಿ ಸ್ವಲ್ಪ ಸತ್ಯವಿದೆ, ಸ್ವಲ್ಪ ಅಭಿಮಾನವಿದೆ. ಜೋಳದಲ್ಲಿ ನಾರಿನ ಅಂಶ ಹೆಚ್ಚು, ಪಾಲಿಶ್ ಮಾಡಿದ ಅಕ್ಕಿಗಿಂತ ನಿಧಾನವಾಗಿ ಜೀರ್ಣವಾಗುತ್ತದೆ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ, ಅದೂ ಕೊನೆಗೆ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಸೇರುತ್ತದೆ. ಮನೆಗೆ ಗ್ಲೂಕೋಮೀಟರ್ ತಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಇದನ್ನು ಅಳೆದು ನೋಡಿದ್ದು. ಎರಡು ರೊಟ್ಟಿ, ಜೊತೆಗೆ ತಟ್ಟೆ ತುಂಬ ಮೆಂತ್ಯದ ಸೊಪ್ಪು, ಹೆಸರುಕಾಳಿನ ಪಲ್ಯ, ಮೊಸರು. ಎರಡು ತಾಸಿನ ಮೇಲೆ ಬಂದ ಅಂಕಿ ಸಮಾಧಾನದ್ದು. ನಾಲ್ಕು ರೊಟ್ಟಿ, ಎಣ್ಣೆಗಾಯಿ, ಕೊನೆಗೆ ಮಜ್ಜಿಗೆಯ ಅನ್ನ, ಅಂಕಿ ಬೇರೆಯೇ. ಎರಡೂ ದಿನ ಎದ್ದು ಕೈ ತೊಳೆಯುವಾಗ ನನ್ನ ದೇಹ ನನಗೆ ಹೇಳಿದ್ದು ಒಂದೇ ಮಾತು, ಊಟ ಚೆನ್ನಾಗಿತ್ತು ಎಂದು. ಎತ್ತಿನ ಹಿಂದೆ ದಿನವಿಡೀ ನಡೆಯುತ್ತಿದ್ದ ಅಜ್ಜ ತಿನ್ನುತ್ತಿದ್ದಷ್ಟು ರೊಟ್ಟಿಯನ್ನು ಉತ್ತರಪತ್ರಿಕೆ ತಿದ್ದುತ್ತ ಕುರ್ಚಿಯಲ್ಲಿ ಕುಳಿತಿರುವ ಮೊಮ್ಮಗಳು ತಿನ್ನಬಾರದು ಎಂಬುದನ್ನು ನನಗೆ ತಿಳಿಸಿದ್ದು ಹಸಿವೂ ಅಲ್ಲ, ನಾಲಿಗೆಯೂ ಅಲ್ಲ, ಬೆರಳ ತುದಿಯ ಒಂದು ಹನಿ ರಕ್ತ.

ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆಯ ಬಗ್ಗೆ ನನಗೆ ಹೆಚ್ಚಿನ ಗೌರವವಿದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟೂ ದಿನ ಅದರೊಳಗಿನ ಹಿಮೋಗ್ಲೋಬಿನ್‌ಗೆ ಸಕ್ಕರೆ ಎಷ್ಟು ಅಂಟಿದೆ ಎಂಬುದನ್ನು ಅದು ಹೇಳುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿದರೆ ಅದು ಬದಲಾಗುವುದಿಲ್ಲ.

ದೇಹ ತಾನಾಗಿಯೇ ಕೂಗಿ ಹೇಳಿದ್ದು ಒಂದು ಸಲ ಮಾತ್ರ ಚೆನ್ನಾಗಿ ನೆನಪಿದೆ, ಅದೂ ಸಕ್ಕರೆ ಏರಿದಾಗಲ್ಲ, ಇಳಿದಾಗ. ಧಾರವಾಡದಲ್ಲಿ ಶಿಕ್ಷಕರ ಸಭೆ ಊಟದ ಹೊತ್ತನ್ನು ನುಂಗಿ ಹಾಕಿತ್ತು. ಬೆಳಿಗ್ಗೆ ತೆಗೆದುಕೊಂಡಿದ್ದ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ತನ್ನ ಕೆಲಸ ಮಾಡುತ್ತಲೇ ಇತ್ತು. ಹುಬ್ಬಳ್ಳಿಗೆ ಮರಳುವ ಚಿಗರಿ ಬಸ್ಸು ರಾಯಾಪುರ ದಾಟುವಾಗ ತಣ್ಣನೆಯ ಹವಾನಿಯಂತ್ರಣದಲ್ಲಿಯೂ ಬೆನ್ನು ಬೆವರಿನಿಂದ ಒದ್ದೆಯಾಯಿತು, ಕೈ ನಡುಗತೊಡಗಿತು, ಎದುರಿನ ಬೋರ್ಡಿನ ಅಕ್ಷರಗಳು ಓದಲು ಸಿಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, ಏನೂ ಕೇಳದೆ, ಮನೆಗೆಂದು ಒಯ್ಯುತ್ತಿದ್ದ ಪೇಢೆಯ ಪೊಟ್ಟಣದ ದಾರ ಬಿಚ್ಚಿದರು. "ನನಗೂ ಇದೆ, ತಿನ್ನಮ್ಮ" ಎಂದರು. ಖೋವೆಯ ಕೊಬ್ಬಿನಿಂದಾಗಿ ಪೇಢೆ ನಿಧಾನವಾಗಿ ಕೆಲಸ ಮಾಡುತ್ತದೆ. ಇಂಥ ಹೊತ್ತಿಗೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ನೀರು ಕುಡಿದು 15 ನಿಮಿಷ ಕಾಯುವುದು ಸರಿಯಾದ ಕ್ರಮ. ಈಗ ನನ್ನ ಚೀಲದಲ್ಲಿ ಗ್ಲೂಕೋಸ್ ಪುಡಿ ಸದಾ ಇರುತ್ತದೆ. ಆದರೆ ಆ ದಿನ ಅಪರಿಚಿತರೊಬ್ಬರ ಕೈಯಿಂದ ತಿಂದ ಪೇಢೆಯ ಋಣ ದೊಡ್ಡದು. ಸಕ್ಕರೆ ಮೇಲಿಂದ ಮೇಲೆ ಹೀಗೆ ಇಳಿಯುತ್ತಿದ್ದರೆ, ಕಾಯಿಲೆ ಹಳೆಯದಾಗುತ್ತ ಹೋದರೆ, ಈ ಬೆವರು ನಡುಕಗಳ ಎಚ್ಚರಿಕೆಯೂ ಕೆಲವರಲ್ಲಿ ಮಂಕಾಗುತ್ತದೆ ಎಂದು ಆಮೇಲೆ ತಿಳಿಯಿತು.

ಜಾತ್ರೆಯ ಮಧ್ಯಾಹ್ನ

ಶಿವರಾತ್ರಿಯ ಮರುದಿನ ಸಿದ್ಧಾರೂಢ ಮಠದ ತೇರು. ಅಪ್ಪ ಅದನ್ನು ತಪ್ಪಿಸಿದವನಲ್ಲ. ಹಿಂದಿನ ದಿನವೇ ಊರಿನಿಂದ ನಮ್ಮ ಮನೆಗೆ ಬಂದು, ಬೆಳಿಗ್ಗೆ ಸ್ನಾನ ಮಾಡಿ, ಮಡಿಸಿಟ್ಟ ಬಿಳಿ ಧೋತರ ಉಟ್ಟು ಹೊರಡುತ್ತಾನೆ. ಆ ವರ್ಷ ಬಿಸಿಲು ಬೇಗನೆ ಏರಿತ್ತು. ದರ್ಶನದ ಸಾಲಿನಲ್ಲಿ ಮಧ್ಯಾಹ್ನದವರೆಗೆ ಬರಿಗಾಲಿನಲ್ಲಿ ಕಲ್ಲುಹಾಸಿನ ಮೇಲೆ ನಿಂತು, ಎರಡೂ ಗದ್ದುಗೆಗೆ ನಮಸ್ಕರಿಸಿ, ಪ್ರಸಾದ ಉಂಡು, ಸಂಜೆ ತೇರಿಗೆ ಉತ್ತತ್ತಿ ಎಸೆದು ರಾತ್ರಿ ಮನೆಗೆ ಬಂದ. ಬಂದವನು ಉತ್ಸಾಹದಲ್ಲಿದ್ದ. ಸಾಲಿನಲ್ಲಿ ಭೇಟಿಯಾದ ನರೇಗಲ್ಲಿನ ಬೀಗರ ಸುದ್ದಿ ಹೇಳಿದ, ಊಟ ಮಾಡಿದ, ಟಿವಿ ನೋಡಿದ, ಬಚ್ಚಲಿಗೆ ಹೋಗಿ ಬಂದು ಮಂಚದ ಮೇಲೆ ಕುಳಿತ.

ಅಡುಗೆಮನೆ ಒರೆಸಿ ಹೊರಗೆ ಬಂದ ನನಗೆ ಬಚ್ಚಲಿನಿಂದ ಮಂಚದವರೆಗೆ ಟೈಲ್ಸ್ ಮೇಲೆ ಹೆಜ್ಜೆಗಳು ಕಂಡವು. ನೀರಿನ ಹೆಜ್ಜೆ ನಮ್ಮ ಬೇಸಿಗೆಯಲ್ಲಿ ಬೇಗ ಆರುತ್ತದೆ. ಇವು ಆರಿರಲಿಲ್ಲ. ಒರೆಸುವ ಬಟ್ಟೆ ಹಾಕಿದರೆ ನೆಲ ಅಂಟಂಟಾಗಿತ್ತು, ಬಟ್ಟೆಯ ಮೇಲೆ ತಿಳಿ ಹಳದಿ ಬಣ್ಣ. ಅಪ್ಪನ ಎದುರು ಕುಕ್ಕರಗಾಲಿನಲ್ಲಿ ಕುಳಿತು ಅವನ ಎಡಗಾಲನ್ನು ಎತ್ತಿದೆ. ಅಂಗಾಲಿನ ಮುಂಭಾಗದ ಚರ್ಮ ಬೊಬ್ಬೆಯೆದ್ದು, ಒಡೆದು, ಬೆರಳುಗಳ ಕಡೆಗೆ ಮಡಚಿಕೊಂಡಿತ್ತು. ಕೆಳಗೆ ಹಸಿ ಕೆಂಪು. ಬಲಗಾಲಿನ ಬೊಬ್ಬೆ ಇನ್ನೂ ಒಡೆದಿರಲಿಲ್ಲ, ಬೆರಳಿನಿಂದ ಒತ್ತಿದರೆ ಒಳಗಿನ ನೀರು ಆಚೀಚೆ ಸರಿಯುತ್ತಿತ್ತು. ಅಪ್ಪ ಕಾಲು ಎಳೆದುಕೊಂಡ. ನೋವಿಗಲ್ಲ, ಸಂಕೋಚಕ್ಕೆ. ಮಗಳ ಕೈಯಲ್ಲಿ ಅಂಗಾಲು ಹಿಡಿಸಿಕೊಳ್ಳುವುದು ಅವನ ಲೋಕದಲ್ಲಿ ಸಲ್ಲದ ಮಾತು. ಬಗ್ಗಿ ನೋಡಿಕೊಳ್ಳಲು ಅವನಿಗೆ ಸೊಂಟ ಬಿಡಲಿಲ್ಲ. ಮುಖ ನೋಡುವ ಕನ್ನಡಿ ತಂದು ಅಂಗಾಲಿನ ಕೆಳಗೆ ಹಿಡಿದೆ. ಕನ್ನಡಿಯಲ್ಲಿ ತನ್ನದೇ ಕಾಲನ್ನು ಸ್ವಲ್ಪ ಹೊತ್ತು ನೋಡಿ ಅಪ್ಪ ನನ್ನನ್ನೇ ಕೇಳಿದ: "ಇದು ಯಾವಾಗ ಆಯಿತು?"

ಆಮೇಲೆ ಆಸ್ಪತ್ರೆಯ ತಿಂಗಳುಗಳು. ಅಲ್ಲಿನ ವೈದ್ಯರು ಕಂಪಿಸುವ ಕವಲುಕಡ್ಡಿಯೊಂದನ್ನು ಅಪ್ಪನ ಮಣಿಕಟ್ಟಿಗೆ ಹಚ್ಚಿದಾಗ ಅವನು "ಗುಂಯ್ ಎನ್ನುತ್ತದೆ" ಎಂದ. ಕಾಲಿನ ಹೆಬ್ಬೆರಳಿಗೆ ಹಚ್ಚಿದಾಗ ಏನೂ ಇಲ್ಲ ಎಂದ. ಬೆನ್ನುಹುರಿಯಿಂದ ಹೊರಟ ನರಗಳಲ್ಲಿ ಅತಿ ಉದ್ದದವು ಪಾದದ ತುದಿ ಮುಟ್ಟುವವು, ಆದ್ದರಿಂದ ಸಕ್ಕರೆಯ ಪೆಟ್ಟು ಮೊದಲು ಬೀಳುವುದೂ ಅಲ್ಲಿಯೇ ಎಂದು ಅವರು ವಿವರಿಸಿದರು. ಸ್ಪರ್ಶ ಮೊದಲು ಬೆರಳುಗಳಲ್ಲಿ ಹೋಗುತ್ತದೆ, ಆಮೇಲೆ ಕಾಲುಚೀಲ ತೊಟ್ಟಂತೆ ಎರಡೂ ಕಾಲಿನಲ್ಲಿ ಸಮನಾಗಿ ಮೇಲೇರುತ್ತದೆ. ಬೆವರು ಸುರಿಸುವ ನರಗಳೂ ಸೊರಗುವುದರಿಂದ ಚರ್ಮ ಒಣಗಿ ಬಿರಿಯುತ್ತದೆ. ಎರೆಭೂಮಿಯಲ್ಲಿ ದುಡಿದವರ ಹಿಮ್ಮಡಿ ಒಡೆಯುವುದು ಸಹಜ ಎಂದು ನಾವೆಲ್ಲ ತಿಳಿದಿದ್ದೆವು. ಊರಿನಲ್ಲಿ ಅದಕ್ಕೆ ಕೇರಬೀಜ ಕಾಯಿಸಿ ಎಣ್ಣೆ ಹನಿಸುವವರು ಇಂದಿಗೂ ಇದ್ದಾರೆ. ಚಳಿಗಾಲದಲ್ಲಿ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ ಕಾಲಿಗೆ ಶಾಖ ಕೊಟ್ಟುಕೊಳ್ಳುವವರೂ ಇದ್ದಾರೆ. ಸುಡುತ್ತಿದೆ ಎಂದು ಹೇಳಬಲ್ಲ ಕಾಲಿಗೆ ಇವೆಲ್ಲ ಸರಿ. ಅದನ್ನು ಹೇಳಲಾಗದ ಕಾಲಿಗೆ ಇವು ಎಂಥ ಅಪಾಯ ಎಂದು ಆ ಕೋಣೆಯಲ್ಲಿ ಕುಳಿತಾಗ ನನಗೆ ಮೈ ಜುಮ್ಮೆಂದಿತು.

ಎಡಗಾಲಿನ ಕಿರುಬೆರಳಿಗೆ ಸೋಂಕು ಇಳಿದು ಅದು ಕಪ್ಪಾಯಿತು, ತೆಗೆಯಬೇಕಾಯಿತು. ಅದನ್ನು ಅಪ್ಪ ಹೆಚ್ಚು ಮಾತಿಲ್ಲದೆ ಒಪ್ಪಿದ. ಅವನಿಗೆ ಒಪ್ಪಿಗೆಯಾಗದ್ದು ಆಮೇಲಿನ ಆಜ್ಞೆ: ಹುಣ್ಣು ಮಾಯುವ ತನಕ ಆ ಕಾಲಿನ ಮೇಲೆ ಭಾರ ಹಾಕಬಾರದು. ಔಷಧಿಗಿಂತ ಇದೇ ಮುಖ್ಯ ಎಂದು ವೈದ್ಯರು ಒತ್ತಿ ಹೇಳಿದ್ದರು. "ನೋವೇ ಇಲ್ಲದ ಕಾಲಿಗೆ ವಿಶ್ರಾಂತಿ ಏಕೆ?" ಎಂದು ಅಪ್ಪ ಕೇಳಿದ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಅವನಿಗೆ ತಾಗುವಂಥ ಉತ್ತರ ಇರಲಿಲ್ಲ. ಮುರಿದ ಕಾಲಾಗಿದ್ದರೆ ಅವನೇ ಅದನ್ನು ನೆಲಕ್ಕೆ ಇಡುತ್ತಿರಲಿಲ್ಲ. ಮುಂಗಾರು ಬಂತು, ಹೆಸರು ಬಿತ್ತನೆ ಶುರುವಾಯಿತು. ಕೂರಿಗೆ ಹೊತ್ತು ಜನ ಮನೆಯ ಮುಂದಿನಿಂದ ಹೋಗುವಾಗ ಅಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ. ಆ ಮಳೆಗಾಲದಲ್ಲಿ ಅವನು ಸೊರಗಿದಷ್ಟು ಬೆರಳು ಕಳೆದುಕೊಂಡಾಗಲೂ ಸೊರಗಿರಲಿಲ್ಲ.

ಕಪ್ಪು ಚಪ್ಪಲಿ

ಗಾಯ ಮಾಯ್ದ ಮೇಲೆ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಬರೆದುಕೊಟ್ಟರು. ಕಪ್ಪಗಿನ, ಹಿಂದೆ ಪಟ್ಟಿ ಇರುವ ಚಪ್ಪಲಿ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ನೋಡಿ, ಮಂಚದ ಕೆಳಗೆ ತಳ್ಳಿ, ಹಳೆಯ ಚರ್ಮದ ಚಪ್ಪಲಿಯನ್ನೇ ಮೆಟ್ಟಿಕೊಂಡ. ಕಾರಣ ತಿಳಿಯಲು ನನಗೆ ಸ್ವಲ್ಪ ದಿನ ಬೇಕಾಯಿತು. ಅವನ ತಲೆಮಾರಿನವರು ಆ ಚಪ್ಪಲಿಯನ್ನು ಕುಷ್ಠರೋಗಿಗಳ ಕಾಲಿನಲ್ಲಿ ನೋಡಿದ್ದಾರೆ. ಊರಿನಲ್ಲಿ ಅದನ್ನು ಹಾಕಿಕೊಂಡು ಹೊರಟರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ಅವನ ಅಳುಕು.

ಆ ನೆಂಟಸ್ತಿಕೆ ನಿಜವಾದದ್ದು ಎಂದು ಓದಿದಾಗ ನನಗೆ ಅಳುಕಿನ ಬದಲು ಕೃತಜ್ಞತೆ ಹುಟ್ಟಿತು. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೈನಲ್ಲಿ ಮಿಷನರಿ ದಂಪತಿಗೆ ಹುಟ್ಟಿದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು 1940ರ ದಶಕದ ಕೊನೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳನ್ನು ನೋಡತೊಡಗಿದರು. ಕುಷ್ಠದಿಂದ ಮಾಂಸ ತಾನಾಗಿಯೇ ಕೊಳೆತು ಬೆರಳು ಉದುರುತ್ತದೆ ಎಂದು ಆಗ ಜನ ನಂಬಿದ್ದರು. ನರ ಸತ್ತು ನೋವು ತಿಳಿಯದೇ ಹೋದದ್ದರಿಂದ ಸುಟ್ಟ ಗಾಯ, ಚುಚ್ಚಿದ ಮುಳ್ಳು, ಚಪ್ಪಲಿಯ ಒತ್ತಡ ಗಮನಕ್ಕೆ ಬಾರದೆ ಬೆರಳುಗಳು ಹಾಳಾಗುತ್ತವೆ ಎಂದು ಅವರು ತೋರಿಸಿಕೊಟ್ಟರು. ನೋವನ್ನು ದೇಹದ ಕಾವಲು ಎಂದು ಅವರು ಜೀವನವಿಡೀ ಸಾರಿದರು. ಆಮೇಲೆ ಅಮೆರಿಕದ ಲೂಸಿಯಾನದ ಕಾರ್ವಿಲ್ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಇದೇ ತಿಳಿವಳಿಕೆಯನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಅಪ್ಪನ ಮಂಚದ ಕೆಳಗಿದ್ದ ಚಪ್ಪಲಿಯ ಹಿಂದೆ ವೆಲ್ಲೂರಿನ ಆ ರೋಗಿಗಳ ಗಾಯಗಳೇ ಇವೆ. ಇದನ್ನೆಲ್ಲ ಅಪ್ಪನಿಗೆ ಒಂದು ಸಂಜೆ ಕುಳಿತು ಹೇಳಿದೆ. ಪೂರ್ತಿ ಕೇಳಿ "ಹೌದೇನು" ಎಂದ, ಅಷ್ಟೇ. ಮರುದಿನವೂ ಹಾಕಿಕೊಳ್ಳಲಿಲ್ಲ. ಕೆಲವು ದಿನಗಳ ಮೇಲೆ ಹಿತ್ತಲಿಗೆ ಮಾತ್ರ ಹಾಕಿಕೊಂಡ, ಆಮೇಲೆ ಕಟ್ಟೆಗೆ, ಆಮೇಲೆ ಬಸ್‌ಸ್ಟ್ಯಾಂಡಿಗೆ.

ನಾವು ದಿನವೂ ಕಾಲು ಮುಟ್ಟಿ ನಮಸ್ಕರಿಸುವ ಜನ. ಪಾದಪೂಜೆ ನಮ್ಮ ಮನೆಗಳಲ್ಲಿ ದೊಡ್ಡ ಪೂಜೆ. ಹಿರಿಯರ ಪಾದಕ್ಕೆ ಹಣೆ ಹಚ್ಚುತ್ತೇವೆ, ಪಾದದ ನೀರನ್ನು ಪವಿತ್ರ ಎನ್ನುತ್ತೇವೆ. ಆದರೆ ಆ ಪಾದವನ್ನು ತಿರುಗಿಸಿ ಕೆಳಗೆ ಏನಾಗಿದೆ ಎಂದು ನೋಡುವ ರೂಢಿ ನಮ್ಮಲ್ಲಿ ಇಲ್ಲ. ನೋಡಿದರೆ ಅಗೌರವ, ತೋರಿಸಿದರೆ ನಾಚಿಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಅಂದರೆ 20 ಕೋಟಿ ಅಂಗಾಲುಗಳು. ರಾತ್ರಿ ಮಲಗುವ ಮುನ್ನ ಅವುಗಳಲ್ಲಿ ಎಷ್ಟನ್ನು ಯಾರಾದರೂ ನೋಡುತ್ತಾರೆ?

ಕಾಲುಂಗುರ

ಅಪ್ಪನ ಜೊತೆ ಓಡಾಡುವಾಗಲೇ ನನ್ನ ಕಾಲನ್ನೂ ತೋರಿಸಿದೆ. ಸ್ಪರ್ಶ ಉಳಿದಿತ್ತು, ಕಂಪನ ಸ್ವಲ್ಪ ಮಂದವಾಗಿತ್ತು. ಆದರೆ ಕಾಲುಂಗುರದ ಅಡಿಯಲ್ಲಿ ಚರ್ಮ ಬೆಳ್ಳಗೆ ಮೆತ್ತಗಾಗಿ ಶಿಲೀಂಧ್ರ ಹಿಡಿದಿತ್ತು, ಉಂಗುರ ಬೆರಳಿನಲ್ಲಿ ಗೆರೆ ಕೊರೆದಿತ್ತು. ವೈದ್ಯೆ ಬಹಳ ಮೃದುವಾಗಿ, ಇವನ್ನು ತೆಗೆದಿಡುವುದು ಒಳ್ಳೆಯದು ಎಂದರು. ಗಂಡನಿರುವ ಹೆಣ್ಣುಮಗಳಿಗೆ ಈ ಮಾತು ಎಷ್ಟು ಭಾರ ಎಂದು ಅವರಿಗೂ ಗೊತ್ತಿತ್ತು. ಸ್ವತಃ ಅವರೂ ಕಾಲುಂಗುರ ಹಾಕಿದ್ದರು.

ನಾನು ತೆಗೆದೆ. ಸೋಪಿನ ನೀರು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದು ದೇವರ ಜಗಲಿಯ ಮೇಲೆ ಇಟ್ಟೆ. ನಮ್ಮ ಅತ್ತೆಯವರು ಅದನ್ನು ನೋಡಿ ಏನೂ ಹೇಳಲಿಲ್ಲ. ಒಂದು ವಾರ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಗಂಡನಿಗೆ ಜ್ವರ ಬಂದ ದಿನವಂತೂ ಅವರ ಕಣ್ಣು ನನ್ನ ಕಾಲಿನ ಕಡೆಗೆ ಹೋದದ್ದನ್ನು ನಾನು ಕಂಡೆ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವರ ಭಯ ಮಗನ ಮೇಲಿನ ಪ್ರೀತಿಯದು. ಒಂದು ಸಂಜೆ ಅವರೇ ಅಕ್ಕಸಾಲಿಗರ ಅಂಗಡಿಯಿಂದ ಬಂದರು, ಕೈಯಲ್ಲಿ ಸಣ್ಣ ಕಾಗದದ ಪೊಟ್ಟಣ. ಬಾಯಿ ತೆರೆದಿರುವ, ತೀರಾ ತೆಳುವಾದ ಬೆಳ್ಳಿಯ ಉಂಗುರಗಳು. ಬೇಕಾದಾಗ ಸಡಿಲಿಸಬಹುದು, ರಾತ್ರಿ ತೆಗೆಯಬಹುದು. "ಬೆರಳು ಒಣಗಿದ ಮೇಲೆ ಹಾಕಿಕೋ. ಹಬ್ಬಕ್ಕೆ ಮಾತ್ರ ಆದರೂ ಸರಿ" ಎಂದರು. ಈಗ ರಾತ್ರಿ ನಾನು ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ, ಹಿಮ್ಮಡಿಗೆ ಎಣ್ಣೆ ಹಚ್ಚುವಾಗ ಅವರೇ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ಕೂರುತ್ತಾರೆ. ಸಂದಿಯಲ್ಲಿ ಎಣ್ಣೆ ಉಳಿಯಬಾರದು ಎಂದು ನೆನಪಿಸುವುದೂ ಅವರೇ.

ಪಂಚಮಿಯ ಕಟ್ಟೆ

ನಾಗರ ಪಂಚಮಿಗೆ ತವರಿಗೆ ಹೋಗುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ವರ್ಷದ ದೊಡ್ಡ ಸಂಭ್ರಮ. ಶೇಂಗಾದ ಉಂಡಿ, ಎಳ್ಳಿನ ಉಂಡಿ, ತಂಬಿಟ್ಟು, ಅಂಗಳದ ಬೇವಿನ ಮರಕ್ಕೆ ಜೋಕಾಲಿ. ಕಳೆದ ಪಂಚಮಿಯಲ್ಲಿ ನಾನು ಉಂಡಿಗಳ ಡಬ್ಬಿಯ ಜೊತೆ ಒಂದು ಹೊಸ ಆಟವನ್ನೂ ಒಯ್ದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು ರೂಪಿಸಿದ ಪರೀಕ್ಷೆ ಅದು, ಯಾವ ಉಪಕರಣವೂ ಬೇಡ. ರೋಗಿ ಕಣ್ಣು ಮುಚ್ಚಿಕೊಳ್ಳಬೇಕು. ಇನ್ನೊಬ್ಬರು ತಮ್ಮ ತೋರುಬೆರಳ ತುದಿಯಿಂದ ಆ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ಉಜ್ಜಬಾರದು. ಎರಡು ಕಾಲು ಸೇರಿ ಆರು ಬೆರಳು. ಮುಟ್ಟಿದಾಗ ಎಡ ಬಲ ಹೇಳಬೇಕು. ಎರಡು ಅಥವಾ ಹೆಚ್ಚು ಬೆರಳುಗಳ ಸ್ಪರ್ಶ ತಿಳಿಯದಿದ್ದರೆ ಆ ಪಾದಗಳು ಅಪಾಯದಲ್ಲಿವೆ ಎಂದು ತಿಳಿದು ವೈದ್ಯರ ಬಳಿ ಹೋಗಬೇಕು.

ಊಟವಾದ ಮೇಲೆ ಕಟ್ಟೆಯ ಮೇಲೆ ಹೆಂಗಸರೆಲ್ಲ ಕುಳಿತಿದ್ದಾಗ ಶುರು ಮಾಡಿದೆವು. ಮೊದಲು ನಗು, ಕಚಗುಳಿ, ಕಾಲು ಎಳೆದುಕೊಳ್ಳುವುದು. ಸರದಿ ಅಪ್ಪನ ತಂಗಿಗೆ, ನನ್ನ ಸೋದರತ್ತೆಗೆ ಬಂತು. ಆರೋಗ್ಯ ಕೇಂದ್ರದಿಂದ ತಪ್ಪದೆ ಗುಳಿಗೆ ತರುವವಳು, ತನ್ನ ಸಕ್ಕರೆ ಹತೋಟಿಯಲ್ಲಿದೆ ಎಂದು ಅಭಿಮಾನ ಉಳ್ಳವಳು. ಗೋಡೆಗೆ ಒರಗಿ, ಸೀರೆಯ ನೆರಿಗೆ ಸರಿಪಡಿಸಿಕೊಂಡು, ಕಣ್ಣು ಮುಚ್ಚಿ ಕಾಲು ಚಾಚಿದಳು. ಅವಳ ಬಲಗಾಲಿನ ಹೆಬ್ಬೆರಳನ್ನು ಮುಟ್ಟಿದೆ. ಸುಮ್ಮನಿದ್ದಳು. ಕಿರುಬೆರಳನ್ನು ಮುಟ್ಟಿದೆ. ಸುಮ್ಮನಿದ್ದಳು. ಎಡಗಾಲಿನ ಹೆಬ್ಬೆರಳ ಮೇಲೆ ನನ್ನ ಬೆರಳು ಇರುವಾಗಲೇ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಮುಟ್ಟು ಮತ್ತೆ. ಎಷ್ಟು ಹೊತ್ತು ಕಾಯಿಸುತ್ತೀಯ?"

ಕಟ್ಟೆಯ ಮೇಲಿನ ನಗು ನಿಂತಿತು. ಜೋಕಾಲಿಯ ಹತ್ತಿರ ಹುಡುಗಿಯರ ಸದ್ದು ಮಾತ್ರ. ಎಲ್ಲರೂ ನನ್ನ ಬೆರಳನ್ನು ನೋಡುತ್ತಿದ್ದರು, ಅವಳೊಬ್ಬಳನ್ನು ಬಿಟ್ಟು. ಮೌನ ಕೇಳಿ ಅವಳು ಕಣ್ಣು ತೆರೆದಳು. ಆ ಕ್ಷಣದ ಅವಳ ಮುಖವನ್ನು ನಾನು ವರ್ಣಿಸಲಾರೆ.

ಮರುವಾರ ಗದಗಿಗೆ ಕರೆದುಕೊಂಡು ಹೋದೆವು, ವೈದ್ಯರು ಪರೀಕ್ಷೆ ಮಾಡಿ ಅದನ್ನೇ ಖಚಿತಪಡಿಸಿದರು. ಗಾಯ ಇನ್ನೂ ಆಗಿಲ್ಲ, ಅದು ನಮ್ಮ ಪುಣ್ಯ. ಹೋದ ಸ್ಪರ್ಶ ಬಹುಪಾಲು ಮರಳಿ ಬರುವುದಿಲ್ಲ, ಆದರೆ ಪಾದವನ್ನು ಕಾಯಬಹುದು. ಸಕ್ಕರೆ ಹತೋಟಿ, ದಿನವೂ ನೋಟ, ಮೆತ್ತನೆಯ ಚಪ್ಪಲಿ, ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡುವುದು, ಮೆಟ್ಟುವ ಮೊದಲು ಚಪ್ಪಲಿಯೊಳಗೆ ಕಲ್ಲು ಮುಳ್ಳು ಇದೆಯೇ ಎಂದು ಕೈಯಾಡಿಸುವುದು. ಇದಕ್ಕೆಲ್ಲ ದುಡ್ಡು ಹೆಚ್ಚು ಬೇಡ. ಮೂವತ್ತು ದಾಟಿದವರ ಮನೆಗೆ ಬಂದು ರಕ್ತದೊತ್ತಡ, ಸಕ್ಕರೆ ನೋಡುವ ಆಶಾ ಕಾರ್ಯಕರ್ತೆಗೆ ನಾನು ಈ ಆರು ಬೆರಳಿನ ಪರೀಕ್ಷೆ ತೋರಿಸಿಕೊಟ್ಟಿದ್ದೇನೆ. ಆ ಹುಡುಗಿ ಎರಡು ನಿಮಿಷದಲ್ಲಿ ಕಲಿತಳು.

ಈಗ ಉಳಿದಿರುವುದು ಸೋದರತ್ತೆಯ ಹರಕೆ. ಮೊಮ್ಮಗನಿಗೆ ಕಾಮಾಲೆಯಾಗಿದ್ದಾಗ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಭರತ ಹುಣ್ಣಿಮೆಗೆ ಬರಿಗಾಲಿನಲ್ಲಿ ನಡೆದು ಬರುತ್ತೇನೆ ಎಂದು ಬೇಡಿಕೊಂಡಿದ್ದಾಳೆ. ಹುಡುಗ ಗುಣವಾಗಿ ಶಾಲೆಗೆ ಹೋಗುತ್ತಿದ್ದಾನೆ. ಕೊಟ್ಟ ಮಾತು ತಪ್ಪುವುದು ಹೇಗೆ ಎಂಬುದು ಅವಳ ಪ್ರಶ್ನೆ. ನಾನು ಎಷ್ಟು ಹೇಳಿದರೂ ಅವಳದು ಒಂದೇ ಉತ್ತರ: "ನಿನಗೆ ಹೇಳಿದ್ದಲ್ಲ, ಅವಳಿಗೆ ಹೇಳಿದ್ದು." ಆ ನಂಬಿಕೆಯನ್ನು ನಾನು ಅಲ್ಲಗಳೆಯಲಾರೆ. ಹುಡುಗನ ಕಾಯಿಲೆಯ ದಿನಗಳಲ್ಲಿ ಅವಳನ್ನು ಗಟ್ಟಿಯಾಗಿ ನಿಲ್ಲಿಸಿದ್ದೇ ಅದು.

ಹೋದ ತಿಂಗಳು ಅಪ್ಪ ತಾನಾಗಿಯೇ ಅವಳ ಮನೆಗೆ ಹೋದ, ನಾನೂ ಜೊತೆಗಿದ್ದೆ. ಪಡಸಾಲೆಯಲ್ಲಿ ಕುಳಿತು ಕಪ್ಪು ಚಪ್ಪಲಿಯ ಪಟ್ಟಿ ಬಿಚ್ಚಿ, ಎಡಗಾಲನ್ನು ಎತ್ತಿ ತಂಗಿಯ ಮುಂದೆ ಮಣೆಯ ಮೇಲೆ ಇಟ್ಟ. ಕಿರುಬೆರಳಿನ ಜಾಗ, ಅಂಗಾಲಿನ ಮಾಯ್ದ ಕಲೆ ಎಲ್ಲ ಕಾಣುವಂತೆ. "ನನಗೂ ಗೊತ್ತಾಗಿರಲಿಲ್ಲ" ಎಂದ. ಅತ್ತೆ ನೋಡಿದಳು, ಕೈಯಿಂದ ಸವರಿಯೂ ನೋಡಿದಳು. ಕೊನೆಗೆ, ಗುಡ್ಡದ ಬುಡದವರೆಗೆ ಚಪ್ಪಲಿ ಹಾಕಿಕೊಳ್ಳುತ್ತೇನೆ, ತಂಗಿದಲ್ಲೆಲ್ಲ ಕನ್ನಡಿ ಹಿಡಿದು ನೋಡಿಕೊಳ್ಳುತ್ತೇನೆ, ಆದರೆ ಗುಡ್ಡದ ಮೇಲೆ ಬರಿಗಾಲೇ ಎಂದಳು. ದಪ್ಪ ಕಾಲುಚೀಲಕ್ಕಾದರೂ ಒಪ್ಪಿಸಬೇಕು ಎಂದು ನಾನು ಇನ್ನೂ ಚೌಕಾಸಿ ಮಾಡುತ್ತಿದ್ದೇನೆ. ಕಲ್ಲು ಕಾಯುವ ಮೊದಲೇ, ಬೆಳಗಿನ ಜಾವದಲ್ಲಿ ಗುಡ್ಡ ಏರಿಸಿ ದರ್ಶನ ಮುಗಿಸಿ ಇಳಿಸುವ ಏರ್ಪಾಡು ಆದೀತೇ ಎಂದು ಪ್ರತಿವರ್ಷ ಹೋಗಿಬರುವವರನ್ನು ವಿಚಾರಿಸುತ್ತಿದ್ದೇನೆ. ನಾನಂತೂ ಅವಳ ಜೊತೆಗೆ ಹೊರಟಿದ್ದೇನೆ.